ಸದರಿ ಆಸಾಮಿ ಪಂಚಾಕ್ಷರಪ್ಪ

ಹೊಸದುರ್ಗದ ಪೇಟೆ ಬೀದಿಯಲ್ಲಿ ಮಂಗಳೂರು ಹೆಂಚು ಹೊದ್ದ ಅಂಗಡಿ ಒಂದೇ ಒಂದು ಇದ್ದ ಕಾಲದಲ್ಲಿ ಅದು ಪಂಚಾಕ್ಷರಪ್ಪನದಾಗಿತ್ತು. ಒಳಗೆ ಬೆಲ್ಲ, ಕೊಬ್ಬರಿ, ಮೆಣಸಿನಕಾಯಿ ಎಲ್ಲ ಅಂಗಡಿಗಳಲ್ಲಿ ಇದ್ದ ಹಾಗೆಯೇ ಇದ್ದವು. ಆದರೆ ಗಿರಾಕಿ ಬಂದು ಬೆಲ್ಲದ ಬೆಲೆ ಕೇಳಿದರೆ ಪಂಚಾಕ್ಷರಪ್ಪ ಮೊದಲು ಒಮ್ಮೆ ಸೂರಿನ ಕಡೆ ನೋಡುತ್ತಿದ್ದ. ಗಿರಾಕಿಯೂ ನೋಡಬೇಕಾಗುತ್ತಿತ್ತು. ಹೆಂಚನ್ನು ಹೊಗಳಿದವರಿಗೆ ಬೆಲ್ಲ ತುಸು ಹೆಚ್ಚಿಗೆ ತೂಗುತ್ತದೆಂಬುದನ್ನು ಊರಿನ ಹೆಂಗಸರು ಬಲು ಬೇಗ ಕಂಡುಕೊಂಡಿದ್ದರು.

ಆ ಹೆಂಚು ಬಂದದ್ದು ಸಾಲದಿಂದ. ಸಾಲ ಕೊಟ್ಟದ್ದು ಶ್ರೀ ಗುರುಕೃಪಾ ಪರಸ್ಪರ ಸಹಾಯದ ಬ್ಯಾಂಕು. ಹೆಸರು ಉದ್ದವಾಗಿದ್ದರೂ ಬ್ಯಾಂಕು ಚಿಕ್ಕದು. ಒಂದು ಕೋಣೆ, ಒಂದು ಜಗುಲಿ, ಒಂದು ಕಬ್ಬಿಣದ ಪೆಟ್ಟಿಗೆ, ಆ ಪೆಟ್ಟಿಗೆಯ ಮುಂದೆ ಕಾರ್ಯದರ್ಶಿ ತಿಮ್ಮರಾಯಪ್ಪ. ವಿರೋಧಿಕೃತು ಸಂವತ್ಸರದಲ್ಲಿ ಪಂಚಾಕ್ಷರಪ್ಪ ಅಲ್ಲಿಗೆ ಹೋಗಿ ಸಾಲದ ಕರಾರು ಪತ್ರಕ್ಕೆ ರುಜು ಹಾಕಿದ್ದ. ರುಜುವಿಗೆ ಮುಂಚೆ ತಿಮ್ಮರಾಯಪ್ಪ ಪತ್ರವನ್ನು ಗಟ್ಟಿಯಾಗಿ ಓದಿದ್ದರು. "ರಾಜಮಾನ್ಯ ರಾಜಶ್ರೀ" ಎಂದು ಅದು ಶುರುವಾಯಿತು. ಅಷ್ಟು ಕಿವಿಗೆ ಬಿದ್ದದ್ದೇ ತಡ, ಪಂಚಾಕ್ಷರಪ್ಪನಿಗೆ ಮುಂದಿನದೇನೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ದಿನ ಮನೆಗೆ ಬಂದವನು ಹೆಂಡತಿ ಏಕಾಂತಮ್ಮನ ಮುಂದೆ, "ಸರ್ಕಾರಿ ಕಾಗದದಾಗೆ ನನ್ನ ಏನಂತ ಬರ್ದವ್ರೆ ಗೊತ್ತೇನೇ?" ಎಂದು ಎದೆ ಉಬ್ಬಿಸಿದ್ದ. "ಏನಂತ ಬರದ್ರೂ ಕೊನೇಗೆ ಬಡ್ಡಿ ಅಂತ ಬರದಿರ್ತಾರೆ, ಕೈಕಾಲು ತೊಳಕಂಡು ಬರ್ರಿ," ಎಂದು ಅವಳು ಮುದ್ದೆ ಬಡಿಸಿದ್ದಳು.

ಹೀಗಿರುವಾಗ ಆನಂದ ಸಂವತ್ಸರದ ಬೇಸಿಗೆಯಲ್ಲಿ ಬ್ಯಾಂಕಿನ ಜವಾನ ಒಂದು ಕಾಗದ ತಂದುಕೊಟ್ಟು ಹೋದ. ಪಂಚಾಕ್ಷರಪ್ಪ ಅದನ್ನು ಬಿಡಿಸಿ ಓದಿದ. "ಸದರಿ ಆಸಾಮಿ ಪಂಚಾಕ್ಷರಪ್ಪನು ಕಂತು ಬಾಕಿ ಉಳಿಸಿಕೊಂಡಿರುವುದರಿಂದ, ಸದರಿ ಆಸಾಮಿಯು ಕೂಡಲೇ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿ ಆಸಾಮಿಯ ಮೇಲೆ…"

ಬಾಕಿಯ ಮಾತು ಅವನ ತಲೆಗೆ ಹೋಗಲೇ ಇಲ್ಲ. ಬಾಕಿ ಇದ್ದದ್ದು ನಿಜ, ಅದರ ಬಗ್ಗೆ ತಕರಾರಿಲ್ಲ. ಆದರೆ ಆಸಾಮಿ! ದನದ ಸಂತೆಯಲ್ಲಿ ಕಳ್ಳನನ್ನು ಹಿಡಿದಾಗ ಪೊಲೀಸಿನವರು ಬರೆಯುವ ಮಾತು! ಅದೂ ಸಾಲದೆಂದು ಸದರಿ! ಸಾಲ ಕೊಡುವಾಗ ರಾಜಮಾನ್ಯ, ವಸೂಲು ಮಾಡುವಾಗ ಆಸಾಮಿ.

ಅವನ ಮುಖ ಕೆಂಪಗಾದದ್ದನ್ನು ಪಕ್ಕದ ಕಂಬಳಿ ಅಂಗಡಿಯ ಚಿತ್ರಲಿಂಗಪ್ಪ ಕಂಡ. ಚಿತ್ರಲಿಂಗಪ್ಪನ ಅಂಗಡಿಯಲ್ಲಿ ಬೇಸಿಗೆಗೆ ಕಂಬಳಿ ವ್ಯಾಪಾರವಿಲ್ಲ. ಆ ನಾಲ್ಕು ತಿಂಗಳು ಅವನು ಸುದ್ದಿಯ ವ್ಯಾಪಾರ ಮಾಡುತ್ತಿದ್ದ.

"ಏನಪ್ಪ ಪಂಚಾಕ್ಷರಿ, ಎಲ್ಲಿಂದ ಬಂತು ಕಾಗದ?"

"ಬ್ಯಾಂಕಿನಿಂದ."

"ಏನಂತೆ?"

ನನ್ನನ್ನು ಆಸಾಮಿ ಅಂದಿದ್ದಾರೆ ಎಂದು ಹೇಳಿಕೊಂಡರೆ ನಾಳೆಯಿಂದ ಇಡೀ ಬೀದಿಯೇ ಹಾಗೆ ಕರೆಯುತ್ತದೆ ಎಂಬಷ್ಟು ಬುದ್ಧಿ ಪಂಚಾಕ್ಷರಪ್ಪನಿಗಿತ್ತು. ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ. ಅವನು ಕಾಗದವನ್ನು ಮಡಿಸಿ ಒಳಜೇಬಿಗಿಟ್ಟು, "ಅದು ಹೇಳೋ ಮಾತಲ್ಲ ಚಿತ್ರಲಿಂಗಪ್ಪ. ಮರ್ಯಾದೆ ಪ್ರಶ್ನೆ. ಅಮಲ್ದಾರ ಸಾಹೇಬ್ರ ಮುಂದೇನೇ ಬಿಚ್ಚೋದು. ಬಿಚ್ಚಿದ್ ದಿನ ಬ್ಯಾಂಕಿನವ್ರು ಊರಾಗೆ ಮುಖ ಎತ್ಕಂಡು ತಿರುಗಾಂಗಿಲ್ಲ, ನೋಡ್ತಾ ಇರು," ಎಂದ.

ಚಿತ್ರಲಿಂಗಪ್ಪ ಕಂಬಳಿಯ ಗಂಟಿನ ಮೇಲಿಂದ ಮೆಲ್ಲನೆ ಎದ್ದ.

ಪಂಚಾಕ್ಷರಪ್ಪ ಜರಿ ರುಮಾಲು ಸುತ್ತಿಕೊಂಡು ಅಮಲ್ದಾರರ ತಾಲ್ಲೂಕು ಕಚೇರಿಗೆ ಹೋದ. ಶಿರಸ್ತೇದಾರರು ಕನ್ನಡಕದ ಮೇಲಿಂದ ನೋಡಿ, "ಬ್ಯಾಂಕಿನ ಮೇಲೆ ಫಿರ್ಯಾದೋ? ಸಾಲದ ಹಳೇ ಕರಾರು ಪತ್ರದ ನಕಲು ಇದೆಯೋ?" ಎಂದು ಕೇಳಿದರು.

"ಇಲ್ಲ ಸ್ವಾಮಿ."

"ಅದಿಲ್ಲದೆ ಫಿರ್ಯಾದು ಹೇಗೆ ತಗೊಳ್ಳೋದು? ಅವರೇನು ಒಪ್ಪಿದ್ದರು, ನೀವೇನು ಒಪ್ಪಿದ್ದಿರಿ ಅನ್ನೋದು ಅದರಲ್ಲಿರತ್ತೆ. ಮೊದಲು ನಕಲು ತನ್ನಿ."

ಪಂಚಾಕ್ಷರಪ್ಪನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಹಳೇ ಪತ್ರದಲ್ಲಿ ರಾಜಮಾನ್ಯ ರಾಜಶ್ರೀ, ಹೊಸ ಕಾಗದದಲ್ಲಿ ಆಸಾಮಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕುರುಡನಿಗೂ ಅನ್ಯಾಯ ಕಾಣುತ್ತದೆ. ಅಲ್ಲಿಂದ ನೇರ ಬ್ಯಾಂಕಿಗೆ ನಡೆದ.

ತಿಮ್ಮರಾಯಪ್ಪ ಹೆದರಿಕೆಯ ಮನುಷ್ಯ. ಸುಳ್ಳು ಹೇಳಿದವರಲ್ಲ, ಕಾಸು ಮುಟ್ಟಿದವರಲ್ಲ. ಹಾಗಿದ್ದೂ ಜೋರಾಗಿ ಯಾರಾದರೂ ಕೆಮ್ಮಿದರೆ ತನ್ನದೇ ತಪ್ಪೆಂದು ತಿಳಿಯುವ ಜಾತಿ.

"ಬರ್ರಿ, ಕುಂತ್ಕಳ್ರಿ. ಕಂತು ತಂದ್ರಾ?"

"ಕಂತಿನ ಮಾತು ಆಮೇಲೆ. ನನ್ನ ಹಳೇ ಕರಾರು ಪತ್ರದ ನಕಲು ಬೇಕು."

"ಯಾಕ್ರಿ?"

"ಫಿರ್ಯಾದು ಕೊಡೋದೈತೆ. ನಿಮ್ ಬ್ಯಾಂಕಿನ ಮೇಲೆ."

ತಿಮ್ಮರಾಯಪ್ಪನವರ ಕೈಯಲ್ಲಿದ್ದ ನಸ್ಯ ಮೂಗಿನ ಬದಲು ಕಣ್ಣಿಗೆ ಹೋಯಿತು. "ಏನ್ ತಪ್ಪಾಗೈತೆ ಹೇಳ್ರಿ, ಈಗ್ಲೇ ಸರಿ ಮಾಡಾಣ!" ಎಂದು ಕಣ್ಣುಜ್ಜಿಕೊಳ್ಳುತ್ತ ಕೇಳಿದರು.

"ಏನಂತ ನಿಮಗೇ ಗೊತ್ತು," ಎಂದ ಪಂಚಾಕ್ಷರಪ್ಪ ಗಂಭೀರವಾಗಿ.

ತಿಮ್ಮರಾಯಪ್ಪನವರಿಗೆ ಗೊತ್ತಿರಲಿಲ್ಲ. ಆ ವರ್ಷದ ಕರಾರು ಪತ್ರಗಳನ್ನೆಲ್ಲ ಲೆಕ್ಕ ತಪಾಸಣೆಗೆಂದು ಜಿಲ್ಲೆಯ ಮುಖ್ಯ ಪಟ್ಟಣವಾದ ದುರ್ಗದ ಇನ್‌ಸ್ಪೆಕ್ಟರ ಕಚೇರಿಗೆ ಒಯ್ದಿದ್ದಾರೆ, ಅಲ್ಲಿಯೇ ನಕಲು ಕೇಳಬೇಕು ಎಂದಷ್ಟೇ ಹೇಳಿ ಕಳಿಸಿದರು. ಆಮೇಲೆ ಬಾಗಿಲು ಹಾಕಿಕೊಂಡು ಬ್ಯಾಂಕಿನ ಲೆಕ್ಕವನ್ನೆಲ್ಲ ಮತ್ತೆ ಕೂಡಿದರು. ಒಂದು ತಪ್ಪೂ ಸಿಗಲಿಲ್ಲ. ಇದರಿಂದ ಅವರ ಭಯ ಇನ್ನೂ ಹೆಚ್ಚಾಯಿತು. ಹುಡುಕಿದರೂ ಸಿಗದ ತಪ್ಪೆಂದರೆ ಎಂಥ ದೊಡ್ಡ ತಪ್ಪಿರಬೇಕು!

ಹಗಲು ಹೊತ್ತಿನಲ್ಲೇ ಬ್ಯಾಂಕಿನ ಬಾಗಿಲು ಹಾಕಿದ್ದನ್ನು ಚಿತ್ರಲಿಂಗಪ್ಪ ನೋಡಿದ.

ಮಾರನೆಯ ಬೆಳಿಗ್ಗೆ ಪಂಚಾಕ್ಷರಪ್ಪ ಬಾಡಿಗೆ ಗಾಡಿ ಹತ್ತಿ ದುರ್ಗಕ್ಕೆ ಹೊರಟ. ದಾರಿಯಲ್ಲಿ ಹೊಳಲ್ಕೆರೆಯಲ್ಲಿ ಇಳಿದು ಹೆಂಡತಿಯ ತಮ್ಮ ಮುರುಗಪ್ಪನ ಮನೆಯಲ್ಲಿ ಊಟ ಮಾಡಿದ. ಮುರುಗಪ್ಪ ಹತ್ತಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು. ಭಾವನ ರುಮಾಲು, ಕೋಟು, ಬಿಗಿದ ತುಟಿ ನೋಡಿ, "ಏನು ಭಾವ, ಕೋರ್ಟಿಗೇನು?" ಎಂದ.

"ಬ್ಯಾಂಕಿನ ಮೇಲೆ ಫಿರ್ಯಾದು. ದುರ್ಗಕ್ಕೆ ಹೋಗಿ ಹಳೇ ಕಾಗದ ಈಚೆಗೆ ತೆಗೆಸ್ತೀನಿ. ಅದು ಈಚೆಗೆ ಬಂತು ಅಂದ್ರೆ ಮುಗೀತು."

"ಯಾವ ಬ್ಯಾಂಕು? ಗುರುಕೃಪಾನಾ?"

"ಅದೇ."

ಮುರುಗಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಊಟ ಮುಗಿಸಿ ಭಾವನನ್ನು ಗಾಡಿ ಹತ್ತಿಸಿದ. ಗಾಡಿ ದುರ್ಗದ ದಿಕ್ಕಿಗೆ ತಿರುಗಿದ ಕೂಡಲೇ ತನ್ನ ಗಾಡಿ ಕಟ್ಟಿಸಿ ಹೊಸದುರ್ಗದ ದಿಕ್ಕಿಗೆ ಹೊಡೆಸಿದ. ಅವನ ಠೇವಣಿ ಅದೇ ಬ್ಯಾಂಕಿನಲ್ಲಿತ್ತು. ಈ ಸಂಗತಿ ಪಂಚಾಕ್ಷರಪ್ಪನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅವನು ಹೆಂಚಿನ ಸಾಲವನ್ನು ಭಾವಮೈದನಲ್ಲೇ ಕೇಳುತ್ತಿದ್ದ. ಅದು ಮುರುಗಪ್ಪನಿಗೆ ಚೆನ್ನಾಗಿ ತಿಳಿದಿತ್ತು.

ದುರ್ಗದ ಕಚೇರಿಯಲ್ಲಿ ಗುಮಾಸ್ತರೊಬ್ಬರು ಊರ ಸುತ್ತಲಿನ ಬಂಡೆಗಳ ಕಾವಿಗೆ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು.

"ಯಾವ ಇಸವಿ ಪತ್ರ?"

"ಇಸವಿ ಗೊತ್ತಿಲ್ಲ ಸ್ವಾಮಿ. ವಿರೋಧಿಕೃತು."

"ವಿರೋಧವೇ? ಯಾರ ಮೇಲೆ?"

"ವಿರೋಧ ಬ್ಯಾಂಕಿನ ಮೇಲೆ."

"ಅದಿರಲಿ, ವರ್ಷ ಯಾವುದು?"

"ವಿರೋಧಿಕೃತು."

"ಅಯ್ಯಾ, ನಿಮ್ಮ ವಿರೋಧ ಗೊತ್ತಾಯ್ತು. ವರ್ಷ ಹೇಳಿ!"

ಬೀಸಣಿಗೆ ನಿಂತಿತು, ದನಿ ಏರಿತು, ಒಳಗಿನಿಂದ ಇನ್ನಿಬ್ಬರು ಗುಮಾಸ್ತರು ಬಂದರು. ಅವರಲ್ಲಿ ಒಬ್ಬರು ಪಂಚಾಂಗ ಬಲ್ಲವರು. ಅದು ಸಂವತ್ಸರದ ಹೆಸರೆಂದು ಅವರು ಬಿಡಿಸಿ ಹೇಳಿದ ಮೇಲೆ ಪತ್ರ ಸಿಕ್ಕಿತು. ಮೊದಲ ಗುಮಾಸ್ತರು ನಕಲು ಮಾಡಿ, ಲಕೋಟೆಗೆ ಹಾಕಿ, ಅರಗು ಕಾಯಿಸಿ ಕೆಂಪು ಮುದ್ರೆ ಒತ್ತಿದರು. ಅಷ್ಟು ದಪ್ಪ ಮುದ್ರೆಯನ್ನು ಅವರು ಸಿಟ್ಟಿನಿಂದಲೇ ಒತ್ತಿರಬೇಕು.

"ಇದನ್ನು ನೀವು ಒಡೆಯೋ ಹಾಗಿಲ್ಲ. ಅಮಲ್ದಾರರೇ ಒಡೀಬೇಕು."

"ನನಗೂ ಅದೇ ಬೇಕಾಗಿರಾದು," ಎಂದು ಪಂಚಾಕ್ಷರಪ್ಪ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವನು ಅತ್ತ ಹೀಗೆ ನ್ಯಾಯವನ್ನು ಗಾಡಿಯಲ್ಲಿ ಇಟ್ಟುಕೊಂಡು ಬರುತ್ತಿರುವಾಗ ಇತ್ತ ಹೊಸದುರ್ಗದಲ್ಲಿ ಮಾತು ಬೆಳೆದಿತ್ತು. ಚಿತ್ರಲಿಂಗಪ್ಪ ಹೇಳಿದ್ದು "ಬ್ಯಾಂಕಿನ ಮರ್ಯಾದೆ ಹೋಗುತ್ತಂತೆ" ಎಂದು ಮಾತ್ರ. ಅದರಲ್ಲಿ ಅವನ ತಪ್ಪಿಲ್ಲ. ಬಾವಿಕಟ್ಟೆ ದಾಟುವಾಗ ಅದು "ಬ್ಯಾಂಕಿನ ದುಡ್ಡು ಹೋಯ್ತಂತೆ" ಎಂದಾಯಿತು. ಮುರುಗಪ್ಪನ ಗಾಡಿ ಧೂಳೆಬ್ಬಿಸಿಕೊಂಡು ಬಂದು ಬ್ಯಾಂಕಿನ ಮುಂದೆ ನಿಂತ ಮೇಲಂತೂ "ತಿಮ್ಮರಾಯಪ್ಪ ಪೆಟ್ಟಿಗೆ ಸಮೇತ ಓಡಿಹೋದನಂತೆ" ಎಂದಾಗಿ ಸುತ್ತಲ ಹಳ್ಳಿಗಳಿಗೆ ಹರಡಿತು.

ಬಾಗೂರಿನಿಂದ ಓಡೋಡಿ ಬಂದ ಕರಿಸಿದ್ದಪ್ಪ ಎಂಬ ರೈತ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿ, ಪೆಟ್ಟಿಗೆಯ ಮುಂದೆ ಕೂತವರನ್ನು ಕೇಳಿದ: "ಸ್ವಾಮಿ, ತಿಮ್ಮರಾಯಪ್ಪ ಓಡಿಹೋದನಂತೆ, ಹೌದಾ?"

"ನಾನೇ ಕಣಪ್ಪ ತಿಮ್ಮರಾಯಪ್ಪ."

ಕರಿಸಿದ್ದಪ್ಪ ಅವರನ್ನು ಮೇಲಿಂದ ಕೆಳಕ್ಕೆ ನೋಡಿದ. "ಹಂಗಾದ್ರೆ ನನ್ ದುಡ್ಡು ಬೇಗ ಕೊಡ್ರಿ, ನೀವು ಓಡಿಹೋಗಾದ್ರೊಳಗೆ!"

ತಿಮ್ಮರಾಯಪ್ಪನವರಿಗೆ ಒಂದೇ ಉಪಾಯ ಹೊಳೆಯಿತು. ಪೆಟ್ಟಿಗೆಯಲ್ಲಿದ್ದದ್ದು ಸ್ವಲ್ಪ, ಉಳಿದದ್ದೆಲ್ಲ ಊರವರ ಎತ್ತು, ಗಾಡಿ, ಬಾವಿ, ಹೆಂಚುಗಳಾಗಿ ಊರಿನ ತುಂಬ ಇತ್ತು. ಆದ್ದರಿಂದ ಅಮಲ್ದಾರರಿಗೆ ಹೇಳಿಕಳಿಸಿ, ತಾವು ಮೆಲ್ಲಗೆ ಎಣಿಸತೊಡಗಿದರು. ಒಂದೊಂದು ರೂಪಾಯಿಯನ್ನೂ ಕಲ್ಲಿನ ಮೇಲೆ ಬಡಿದು, ನಾದ ಕೇಳಿ, ಒರೆಸಿ, ಮಹಾರಾಣಿಯ ಮುಖವೋ ಚಕ್ರವರ್ತಿಯ ಮುಖವೋ ಎಂದು ತಿರುಗಿಸಿ ನೋಡಿ ಇಡುತ್ತಿದ್ದರು. ಜಗುಲಿಯ ಮೇಲೆ, ಬೀದಿಯಲ್ಲಿ, ಎದುರು ಮನೆಯ ನೆರಳಿನಲ್ಲಿ ಜನ. ಬಿಸಿಲು ನೆತ್ತಿ ಸುಡುತ್ತಿತ್ತು.

ಈ ಹೊತ್ತಿಗೆ, ಊರು ಬಿಟ್ಟ ಮೂರನೆಯ ದಿನ, ಪಂಚಾಕ್ಷರಪ್ಪನ ಗಾಡಿ ಪೇಟೆ ಬೀದಿಗೆ ತಿರುಗಿತು. ಅಷ್ಟು ಜನರನ್ನು ಕಂಡು ಅವನಿಗೆ ಸಂತೋಷವೇ ಆಯಿತು. ತನ್ನ ಮರ್ಯಾದೆಗಾಗಿ ಊರೇ ಎದ್ದು ನಿಂತಿದೆ ಎಂದುಕೊಂಡು ಗಾಡಿಯಲ್ಲಿ ಎದ್ದು ನಿಂತು ಲಕೋಟೆಯನ್ನು ಮೇಲಕ್ಕೆತ್ತಿ ತೋರಿಸಿದ.

"ಅಯ್ಯಯ್ಯೋ, ಕೆಂಪು ಮುದ್ರೆ! ಜಪ್ತಿ ಕಾಗದ!" ಎಂದು ಯಾರೋ ಕೂಗಿದರು. ಜನರ ನೂಕಿಗೆ ಬ್ಯಾಂಕಿನ ಬಾಗಿಲಿನ ಒಂದು ಪಟ್ಟಿ ಮುರಿಯಿತು.

ಪಂಚಾಕ್ಷರಪ್ಪ ಇಳಿದು ಜಗುಲಿ ಹತ್ತಿದ. ಎಲ್ಲರಿಗಿಂತ ಮುಂದೆ, ತಿಮ್ಮರಾಯಪ್ಪನವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಎಣಿಸಿಕೊಟ್ಟ ಬೆಳ್ಳಿ ರೂಪಾಯಿಗಳನ್ನು ಸೆರಗಿಗೆ ಸುರಿದು ಗಂಟು ಹಾಕುತ್ತಿದ್ದವಳು ಏಕಾಂತಮ್ಮ. ಅವಳ ಹಿಂದೆ ಮುರುಗಪ್ಪ.

"ಲೇ, ನೀನ್ಯಾಕೆ ಇಲ್ಲಿ?"

"ನನ್ನ ದುಡ್ಡು ತಗಣಾಕೆ ಬಂದೆ," ಎಂದಳು ಏಕಾಂತಮ್ಮ, ಗಂಟು ಬಿಗಿಯುತ್ತ. "ನೀವೇ ಬ್ಯಾಂಕು ಮುಳುಗಿಸ್ತೀನಿ ಅಂತ ಹೊಂಟಿರೋವಾಗ ನಾನು ಮನೇಲಿ ಕುಂತಿರ್ಲಾ?"

"ನಿನ್ನ ದುಡ್ಡಾ? ನಿನಗೆಲ್ಲಿಂದ ಬಂತು ದುಡ್ಡು?"

ಅವಳು ಉತ್ತರ ಕೊಡುವ ಮೊದಲೇ ಜನ ಸರಿದು ದಾರಿ ಬಿಟ್ಟರು. ಅಮಲ್ದಾರರು ಬಂದಿದ್ದರು. ಬಂದವರೇ, "ಯಾರಿಲ್ಲಿ ಫಿರ್ಯಾದುದಾರ?" ಎಂದು ಗುಡುಗಿದರು.

"ನಾನೇ ಸ್ವಾಮಿ," ಎಂದು ಪಂಚಾಕ್ಷರಪ್ಪ ರುಮಾಲು ಸರಿಪಡಿಸಿಕೊಂಡು ಲಕೋಟೆ ಒಪ್ಪಿಸಿದ. "ಗಟ್ಯಾಗಿ ಓದಬೇಕು ಸ್ವಾಮಿ. ಎಲ್ಲರೂ ಕೇಳ್ಲಿ."

ಅಮಲ್ದಾರರು ಮುದ್ರೆ ಒಡೆದರು. ತಿಮ್ಮರಾಯಪ್ಪ ಕಣ್ಣು ಮುಚ್ಚಿ ಗುರುವಿನ ಧ್ಯಾನ ಮಾಡಿದರು.

"ರಾಜಮಾನ್ಯ ರಾಜಶ್ರೀ…" ಎಂದು ಓದಿದರು ಅಮಲ್ದಾರರು.

"ಕೇಳ್ರಿ! ಕೇಳಿದ್ರಾ ಎಲ್ಲರೂ?" ಎಂದು ಪಂಚಾಕ್ಷರಪ್ಪ ಜನರತ್ತ ತಿರುಗಿದ.

"…ಗುರುಕೃಪಾ ಬ್ಯಾಂಕಿನ ಅಧ್ಯಕ್ಷರವರ ಸನ್ನಿಧಾನಕ್ಕೆ, ಹೊಸದುರ್ಗ ಕಸಬೆಯಲ್ಲಿರುವ ಅಂಗಡಿ ಪಂಚಾಕ್ಷರಪ್ಪನು ತನ್ನ ಸ್ವಂತ ಇಚ್ಛೆಯಿಂದ, ಕೈಮುಗಿದು ಬರೆದುಕೊಟ್ಟ ಸಾಲದ ಕರಾರು ಪತ್ರ ಏನೆಂದರೆ…"

ಪಂಚಾಕ್ಷರಪ್ಪ ಜನರತ್ತ ತಿರುಗಿದವನು ಹಾಗೆಯೇ ನಿಂತಿದ್ದ. ಸಾಲದ ಪತ್ರ ಬರೆಯುವವನು ಸಾಲಗಾರ, ಬರೆಸಿಕೊಳ್ಳುವವನು ಸಾಹುಕಾರ. ದೊಡ್ಡ ಬಿರುದು ಬರೆಸಿಕೊಂಡವನಿಗೇ ಹೊರತು ಬರೆದವನಿಗಲ್ಲ. ಈ ಚಿಕ್ಕ ಸಂಗತಿ ಮೂರು ವರ್ಷ ತಡವಾಗಿ ಅವನ ತಲೆಯೊಳಗೆ ಇಳಿಯತೊಡಗಿತ್ತು. ಪತ್ರದುದ್ದಕ್ಕೂ ಅಮಲ್ದಾರರು ಓದಿದರು. ಅದರಲ್ಲಿ ಅವನು ಆಸಾಮಿಯೂ ಆಗಿರಲಿಲ್ಲ. ಬರೀ "ಸದರಿಯವನು" ಆಗಿದ್ದ. ಹೊಸ ಕಾಗದದಲ್ಲಿ ಬ್ಯಾಂಕಿನವರು ಒಂದು ಮೆಟ್ಟಿಲು ಮೇಲೇರಿಸಿದ್ದರೆಂದೇ ಹೇಳಬೇಕು.

"ಕರಾರು ಕ್ರಮವಾಗಿದೆ. ಕೆಳಗೆ ತಪಾಸಣೆಯವರು 'ಲೆಕ್ಕ ಸರಿಯಾಗಿದೆ' ಅಂತ ಷರಾ ಬೇರೆ ಬರೆದಿದ್ದಾರೆ," ಎಂದರು ಅಮಲ್ದಾರರು. "ಇನ್ನು ನಿಮ್ಮ ಫಿರ್ಯಾದೇನು?"

ಪಂಚಾಕ್ಷರಪ್ಪ ಬಾಯಿ ತೆರೆದ. ದುರ್ಗದಿಂದ ಬಂದ ಧೂಳೆಲ್ಲ ಅವನ ಗಂಟಲಲ್ಲೇ ಇತ್ತು, ಮಾತು ಹೊರಡಲಿಲ್ಲ.

"ಹೇಳ್ರಿ! ಇಷ್ಟು ಜನರನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದೀರಿ. ಫಿರ್ಯಾದೇನು?"

ಪಂಚಾಕ್ಷರಪ್ಪ ಕಷ್ಟಪಟ್ಟು ಎಂಜಲು ನುಂಗಿ, ಒಂದೇ ಒಂದು ಮಾತು ಹೊರಡಿಸಿದ: "ನೀರು…"

"ಏನು?"

"ನೀರು, ಸ್ವಾಮಿ… ನೀರು…"

ಅಮಲ್ದಾರರು ಸುತ್ತ ನೋಡಿದರು. ಒಂದು ಹರವಿಯಿಲ್ಲ, ಒಂದು ಚೊಂಬಿಲ್ಲ. ಮುದುಕರು ಕಂಬಕ್ಕೊರಗಿ ಬಾಯಿ ಒಣಗಿಸಿಕೊಂಡು ಕೂತಿದ್ದರು. ಬಾಗೂರಿನ ಕರಿಸಿದ್ದಪ್ಪ ಮುಂಡಾಸು ಬಿಚ್ಚಿ ಗಾಳಿ ಬೀಸಿಕೊಳ್ಳುತ್ತಿದ್ದ. ಅಮಲ್ದಾರರ ಮುಖ ಬದಲಾಯಿತು.

"ಕಾರ್ಯದರ್ಶಿಗಳೇ, ಬ್ಯಾಂಕಿಗೆ ಬಂದವರಿಗೆ ಕುಡಿಯೋಕೆ ನೀರಿಲ್ಲವೇ?"

"ಇ… ಇಲ್ಲ ಸ್ವಾಮಿ," ಎಂದರು ತಿಮ್ಮರಾಯಪ್ಪ. ಲೆಕ್ಕದಲ್ಲಿ ಎಷ್ಟು ಹುಡುಕಿದರೂ ಸಿಗದ ತಪ್ಪು ಕೊನೆಗೂ ಸಿಕ್ಕಿತೆಂದು ಅವರ ಮುಖ ಅರಳಿತು. "ಇದಾ ನಿಮ್ ಫಿರ್ಯಾದು? ಮೊದ್ಲೇ ಹೇಳಾದಲ್ವೇನ್ರಿ, ಪುಣ್ಯಾತ್ಮರಾ!"

ಪಂಚಾಕ್ಷರಪ್ಪ ತಲೆ ಆಡಿಸಿದ. ಹೌದೆಂದೂ ಅಲ್ಲವೆಂದೂ ತಿಳಿಯದ ಹಾಗೆ ಆಡಿಸಿದ. ಎಲ್ಲರೂ ಹೌದೆಂದೇ ತಿಳಿದರು.

"ನೀರಿಗಾ? ಬರೀ ನೀರಿಗಾ?" ಎಂದು ಜನರಲ್ಲಿ ಗುಜುಗುಜು ಎದ್ದಿತು. "ಹಂಗಾದ್ರೆ ದುಡ್ಡು ಐತಾ?" ಕೆಲವರು ನಕ್ಕರು. ಆದರೆ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಅಮಲ್ದಾರರ ಮಾತನ್ನು ನಂಬಬಹುದಿತ್ತು. ಆದರೆ ಅಮಲ್ದಾರರದು ಒಂದು ಕಾಸೂ ಆ ಬ್ಯಾಂಕಿನಲ್ಲಿರಲಿಲ್ಲ. ಎಲ್ಲರ ಕಣ್ಣೂ ಏಕಾಂತಮ್ಮನ ಸೆರಗಿನ ಗಂಟಿನ ಮೇಲೆ ನೆಟ್ಟಿತ್ತು.

ಏಕಾಂತಮ್ಮ ಗಂಟನ್ನು ಒಮ್ಮೆ ತೂಗಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವನ ಕಣ್ಣು ಗಂಟಿನ ಮೇಲೇ ಇತ್ತು. ಆ ಕಣ್ಣು ಅಲ್ಲಿಂದ ನಿಧಾನವಾಗಿ ಬೀದಿಯ ಆಚೆಗಿದ್ದ ತಮ್ಮ ಮನೆಯ ಹುಲ್ಲು ಹೊದ್ದ ದನದ ಕೊಟ್ಟಿಗೆಯ ಕಡೆ ತಿರುಗಿತು.

ಅವಳು ತಟ್ಟನೆ ಗಂಟು ಬಿಚ್ಚಿ ಅಷ್ಟನ್ನೂ ತಿಮ್ಮರಾಯಪ್ಪನವರ ಮುಂದೆ ಸುರಿದಳು.

"ಎಣಿಸ್ಕಂಡು ಒಳಗಿಡ್ರಿ. ಮನೇಗೆ ಒಯ್ದ್ರೆ ಇವ್ರು ದನದ ಕೊಟ್ಟಿಗೆಗೂ ಮಂಗಳೂರು ಹೆಂಚು ಹಾಕಿಸ್ತಾರೆ. ಬ್ಯಾಂಕು ಮುಳುಗಿದ್ರೆ ಒಂದಿನ ಮುಳುಗುತ್ತೆ. ಮನೇಲಿಟ್ರೆ ದಿನಾ ಮುಳುಗುತ್ತೆ."

ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಗಂಡಸರು ತಮ್ಮ ಅಣ್ಣತಮ್ಮಂದಿರನ್ನೂ ಅಳಿಯಂದಿರನ್ನೂ ನೆನೆಸಿಕೊಂಡರು. ಮುರುಗಪ್ಪ ಭಾವನ ಕಡೆ ಒಂದು ಸಲ ನೋಡಿ, "ನಂದೂ ಅಲ್ಲೇ ಇರ್ಲಿ ಬಿಡ್ರಿ," ಎಂದು ಎದ್ದ. ಕರಿಸಿದ್ದಪ್ಪ ಮುಂಡಾಸು ಸುತ್ತಿಕೊಂಡು, "ನೀವು ಓಡಿಹೋಗಂಗಿದ್ರೆ ಮುಂಚೆ ಹೇಳಿಕಳ್ಸ್ರಿ," ಎಂದು ತಿಮ್ಮರಾಯಪ್ಪನವರಿಗೆ ಕೈಮುಗಿದು ಬಾಗೂರಿನ ದಾರಿ ಹಿಡಿದ. ನೋಡನೋಡುತ್ತ ಜಗುಲಿ ತೆರವಾಯಿತು.

ಪಂಚಾಕ್ಷರಪ್ಪನಿಗೆ ಮಾತ್ರ ಉತ್ತರ ಸಿಗದ ಪ್ರಶ್ನೆ ಒಂದು ಉಳಿದಿತ್ತು. "ಲೇ, ಅದಿರ್ಲಿ. ಅಷ್ಟು ದುಡ್ಡು ನಿನಗೆಲ್ಲಿಂದ ಬಂತು?"

"ಎಲ್ಲಿಂದ ಬರ್ತದೆ? ಅಂಗಡಿ ಗಲ್ಲಾ ಪೆಟ್ಟಿಗೆಯಿಂದ. ನೀವು ಸೂರು ನೋಡ್ತಾ ಕುಂತಿರ್ತಿದ್ರಲ್ಲ, ಆವಾಗ ಅಷ್ಟಷ್ಟೇ ತಗಂಡು ಇಲ್ಲಿಗೆ ತಂದು ಇಡ್ತಿದ್ದೆ. ಹೆಂಚು ಬರೋಕೂ ಮುಂಚಿಂದ, ನೀವು ಹೆಂಚಿನ ಕನಸು ಕಾಣ್ತಿದ್ದಾಗಿಂದ."

ಪಂಚಾಕ್ಷರಪ್ಪ ಬೆರಳು ಮಡಿಸಿ ಯೋಚಿಸಿದ. ತನ್ನ ಗಲ್ಲಾದ ದುಡ್ಡು ಬ್ಯಾಂಕಿಗೆ ಬಂದಿದೆ. ಬ್ಯಾಂಕು ಅದನ್ನೇ ತನಗೆ ಸಾಲವಾಗಿ ಕೊಟ್ಟಿದೆ. ತಾನು ಅದಕ್ಕೆ ಬಡ್ಡಿ ಕಟ್ಟುತ್ತಿದ್ದೇನೆ. ಆ ಬಡ್ಡಿಯಲ್ಲಿ ಒಂದು ಪಾಲು ಹೆಂಡತಿಗೆ ಹೋಗುತ್ತಿದೆ. ಇಲ್ಲಿಗೆ ಬಂದಾಗ ಅವನ ಬೆರಳುಗಳು ಮುಗಿದುಹೋದವು.

"ಸ್ವಾಮಿ! ಸ್ವಾಮಿ!" ಎಂದು ಹೊರಟಿದ್ದ ಅಮಲ್ದಾರರ ಹಿಂದೆ ಓಡಿದ. "ಇನ್ನೊಂದು ಫಿರ್ಯಾದು ಐತೆ!"

ಅಮಲ್ದಾರರು ತಿರುಗಿ ನಿಂತರು. "ಯಾರ ಮೇಲೆ?"

ಪಂಚಾಕ್ಷರಪ್ಪ ಹಿಂದಕ್ಕೆ ನೋಡಿದ. ಏಕಾಂತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗುಲಿಯ ಮೇಲೆ ನಿಂತಿದ್ದಳು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವಳು ಅವಳೊಬ್ಬಳೇ.

"ಏನಿಲ್ಲ ಸ್ವಾಮಿ. ಹೋಗಿಬರ್ರಿ," ಎಂದು ಕೈಮುಗಿದ.

ಮಾರನೆಯ ವಾರ ಬ್ಯಾಂಕಿನ ಸಭೆ ಸೇರಿ, ಅಮಲ್ದಾರರ ಆಜ್ಞೆಯಂತೆ ಜಗುಲಿಯ ಮೇಲೆ ಬೇಸಿಗೆ ಮುಗಿಯುವವರೆಗೆ ಅರವಟ್ಟಿಗೆ ಇಡುವುದೆಂದು ತೀರ್ಮಾನಿಸಿತು. ನೀರು ತುಂಬಿಸಿ ಬಂದವರಿಗೆ ಕೊಡುವ ಪುಣ್ಯ ಫಿರ್ಯಾದು ತಂದವರಿಗೇ ಸೇರತಕ್ಕದ್ದೆಂದು ತಿಮ್ಮರಾಯಪ್ಪ ಸೂಚಿಸಿದರು. ಪಂಚಾಕ್ಷರಪ್ಪ ಏನೋ ಹೇಳಲು ಎದ್ದ. ಬಾಗಿಲ ಹೊರಗಿನಿಂದ ಏಕಾಂತಮ್ಮ, "ಅವ್ರು ಒಪ್ಪಿದಾರೆ, ಬರ್ಕಳ್ರಿ," ಎಂದಳು.

ಆ ಬೇಸಿಗೆಯಲ್ಲಿ ಗುರುಕೃಪಾ ಬ್ಯಾಂಕಿನ ಜಗುಲಿಯ ಮೇಲೆ ದೊಡ್ಡ ಹರವಿಯ ಪಕ್ಕದಲ್ಲಿ ಪಂಚಾಕ್ಷರಪ್ಪ ಚೊಂಬು ಹಿಡಿದು ಕೂತಿರುತ್ತಿದ್ದ. ಹರವಿಗೆ ಲಾವಂಚ ಹಾಕುವ ಯೋಚನೆ ಅವನದೇ. ದಾರಿಹೋಕರು, ಸಂತೆಗೆ ಬಂದವರು, ಕಚೇರಿಯ ಜವಾನರು ಎಲ್ಲ ಬಂದು ಕುಡಿದು "ತಣ್ಣಗಿರಪ್ಪ" ಎಂದು ಹರಸಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ತಿಮ್ಮರಾಯಪ್ಪನವರೂ ಒಳಗಿನಿಂದ ಎದ್ದುಬಂದು, ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದು, ಮೀಸೆ ಒರೆಸಿಕೊಂಡರು.

"ಭಾಳ ಚೆನ್ನಾಗೈತೆ ನೀರು. ಅಂದಂಗೆ, ಆ ಬಾಕಿ ಕಂತು ಯಾವಾಗ ಕಟ್ತೀರಿ?"

ಪಂಚಾಕ್ಷರಪ್ಪ ಚೊಂಬನ್ನು ಹರವಿಯ ಮೇಲೆ ಬೋರಲು ಹಾಕಿದ.

"ಸಾಲ ನಂದು, ದುಡ್ಡು ಅವಳ್ದು," ಎಂದ. "ಮನೇಗೆ ಹೋಗಿ ಅವಳ್ನ ಕೇಳ್ರಿ. ಹೊತ್ತು ನೋಡ್ಕಂಡು ಹೋಗ್ರಿ, ಊಟ ಆದ್ಮೇಲೆ."